318 ಕುದುರೆಗಳು ಮತ್ತು ಒಂದು ಖಾಲಿ ಸಂಪು

ಹೋದ ಶನಿವಾರ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಸಿಕ್ಕಿದ. ಇನ್ನೂ ಎಂಜಿನಿಯರಿಂಗ್ ಕೊನೇ ವರ್ಷ ಅಂತ ಕಾಣುತ್ತೆ. ಮೊಬೈಲ್ ತೆಗೆದು ಒಂದು ಗ್ರಾಫ್ ತೋರಿಸಿ, "ಅಣ್ಣಾ ನೋಡಿ, 340!" ಅಂದ. ಡೈನೋ ಶೀಟು. ಮುಖದಲ್ಲಿ ಪಿಯುಸಿ ರಿಸಲ್ಟ್ ಬಂದ ದಿನದ ಖುಷಿ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ನಿಮಿಷ?"

"ಎಷ್ಟು ನಿಮಿಷ ಅಂದ್ರೆ?"

ಅಷ್ಟೇ. ಅವನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ತಪ್ಪು ಅವನದ್ದಲ್ಲ. ಎರಡು ವರ್ಷದ ಹಿಂದೆ ನನಗೂ ಅರ್ಥ ಆಗ್ತಿರಲಿಲ್ಲ. ಆವತ್ತು ರಾತ್ರಿ ಮನೆಗೆ ಬಂದವನೇ ಇದನ್ನು ಬರೆಯೋಕೆ ಕೂತೆ. ಸ್ವಲ್ಪ ಉದ್ದ ಆಗಬಹುದು, ಸ್ವಲ್ಪ ಸಿಟ್ಟೂ ಇದೆ, ಸಹಿಸಿಕೊಳ್ಳಿ.

ಕಾರಿನ ಹುಚ್ಚು ಇಲ್ಲದವರಿಗೆ ಎರಡು ಮಾತು. ಒಂದು ಕಾರಿನ ಎಂಜಿನ್ ಕಿತ್ತು, ಅದಕ್ಕಿಂತ ದೊಡ್ಡ ಕಾರಿನ ಎಂಜಿನ್ ತಂದು ಕೂರಿಸೋದಕ್ಕೆ ಎಂಜಿನ್ ಸ್ವಾಪ್ ಅಂತಾರೆ. ಟರ್ಬೋ ಅಂದರೆ ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಫ್ಯಾನ್ ತಿರುಗಿಸಿ, ಅದರ ಬಲದಿಂದ ಎಂಜಿನ್ ಒಳಗೆ ಗಾಳಿ ತುರುಕೋದು. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚು. ಯಾವ ಆರ್‌ಪಿಎಮ್‌ನಲ್ಲಿ, ಎಷ್ಟು ಒತ್ತಡದಲ್ಲಿ, ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹೊತ್ತಿಸಬೇಕು ಅನ್ನೋ ದೊಡ್ಡ ಕೋಷ್ಟಕಗಳನ್ನು ಕಾರಿನ ಕಂಪ್ಯೂಟರಿಗೆ ತುಂಬಿಸೋದೇ ಟ್ಯೂನಿಂಗ್. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದು ಒಂದು ಲುಕಪ್ ಟೇಬಲ್, ಮೇಲೊಂದಿಷ್ಟು ಇಫ್ ಎಲ್ಸ್. ಬೇರೇನೂ ಇಲ್ಲ. ಆದರೆ ಇಲ್ಲಿ ಬಗ್ ಬಂದರೆ ರೀಸ್ಟಾರ್ಟ್ ಇಲ್ಲ :-)

ನಮ್ಮ ಕಾರಿನ ಕಥೆ ಕೇಳಿ. ನಾನು ಮತ್ತು ನನ್ನ ಹಾಸ್ಟೆಲ್ ರೂಮ್‌ಮೇಟ್, ಇಬ್ಬರೂ ಸೇರಿ ಒಂದು ಹಳೇ ಪೋಲೋ ತಗೊಂಡೆವು. 1.2 ಲೀಟರಿನದು, ಹುಟ್ಟಿದಾಗ 75 ಕುದುರೆಶಕ್ತಿ. ಅಪಘಾತವಾಗಿ ಗುಜರಿ ಸೇರಿದ್ದ ಹಳೇ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೋ ಎಂಜಿನ್ ಸಿಕ್ಕಿತು. ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವ್‌ಗಳ ಆ 1781 ಸಿಸಿ ಎಂಜಿನ್ ಬಗ್ಗೆ ಗೊತ್ತಿದ್ದವರು ಈಗಲೂ ಕಣ್ಣರಳಿಸ್ತಾರೆ. ಅದನ್ನು ಪೋಲೋ ಒಳಗೆ ಕೂರಿಸಿ, ದೊಡ್ಡ ಟರ್ಬೋ ಹಾಕಿಸಿ, ಹೊರಗಿನ ಇಸಿಯು ಹಾಕಿಸಿ, ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಟ್ಯೂನ್ ಮಾಡಿಸಿದೆವು. ಯಾವ ಗ್ಯಾರೇಜು, ಯಾವ ಟ್ಯೂನರ್ ಅಂತ ಕೇಳಬೇಡಿ, ಹೇಳಲ್ಲ. ಹೇಳಿದರೆ ಅದು ಅವನೊಬ್ಬನ ತಪ್ಪು ಅಂತಾಗಿಬಿಡುತ್ತೆ. ನನ್ನ ಜಗಳ ಅವನೊಬ್ಬನ ಜೊತೆ ಅಲ್ಲ.

(ಆರ್‌ಟಿಓ ಕಥೆ ಏನು ಅಂತ ಕೇಳುವವರಿಗೆ: ಈ ಕಾರು ರಸ್ತೆಗೆ ಇಳಿಯೋದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಬಗ್ಗೆ ಕೊಟ್ಟ ತೀರ್ಪು, ಎರಡೂ ಓದಿದ್ದೀನಿ. ಟ್ರಕ್ಕಿನ ಮೇಲೆ ಹೋಗುತ್ತೆ, ಟ್ರಕ್ಕಿನ ಮೇಲೆ ಬರುತ್ತೆ.)

ಟ್ಯೂನಿಂಗ್ ಮುಗಿದ ದಿನ ಟ್ಯೂನರ್ ನಮ್ಮ ಕೈಗೆ ಒಂದು ಹಾಳೆ ಕೊಟ್ಟ. 318 ಕುದುರೆಶಕ್ತಿ. ರೂಮ್‌ಮೇಟ್ ಆ ಹಾಳೆಗೆ ಫ್ರೇಮ್ ಹಾಕಿಸಿದ. ನಾನು ಅದರ ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಕಾರು ಅಂದರೆ ನಾಲ್ಕು ಚಕ್ರ ಅಂತ ಮಾತ್ರ ಗೊತ್ತಿರೋ ನಮ್ಮ ದೊಡ್ಡಪ್ಪನಿಗೂ ಕಳಿಸಿದೆ. ಅವರು "ಮೈಲೇಜ್ ಎಷ್ಟು ಕೊಡುತ್ತಪ್ಪಾ?" ಅಂದರು. ಆ ದಿನ ನಕ್ಕಿದ್ದೆ. ಈಗ ಅನಿಸುತ್ತೆ, ಆ ಶೀಟ್ ನೋಡಿ ಸರಿಯಾದ ಜಾತಿಯ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಈಗ ಆ 318 ಎಲ್ಲಿಂದ ಬಂತು ನೋಡೋಣ. ಡೈನೋದ ರೋಲರ್ ಅಳೆದದ್ದು ಚಕ್ರದ ಹತ್ತಿರದ ಶಕ್ತಿಯನ್ನು. ಅದು 240. ಗೇರ್‌ಬಾಕ್ಸು, ಡ್ರೈವ್‌ಶಾಫ್ಟಲ್ಲಿ ಸ್ವಲ್ಪ ಸೋರಿಕೆ ಇರುತ್ತಲ್ಲ, ಅದು 15 ಪರ್ಸೆಂಟ್ ಅಂತ ಅಂದಾಜು ಮಾಡಿ ವಾಪಸ್ ಸೇರಿಸಿದರು, 282 ಆಯ್ತು. ಆಮೇಲೆ ಕರೆಕ್ಷನ್ ಫ್ಯಾಕ್ಟರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಸಮುದ್ರಮಟ್ಟದಲ್ಲಿ 101. ಗಾಳಿ ತೆಳು, ಎಂಜಿನ್ನಿಗೆ ಅನ್ಯಾಯ ಆಗಿದೆ, ಅದಕ್ಕೆ ಸರಿಪಡಿಸಿ ಅಂತ ಸಾಫ್ಟ್‌ವೇರಿನಲ್ಲಿ ಒಂದು ಆಪ್ಷನ್ ಇರುತ್ತೆ. ಎಸ್‌ಎಇ ಸೂತ್ರ ಹಾಕಿದರೆ ನಮ್ಮೂರಿನ ಎತ್ತರಕ್ಕೆ ಹನ್ನೆರಡೂವರೆ ಪರ್ಸೆಂಟ್ ಹತ್ತಿರ ಸೇರಿಕೊಳ್ಳುತ್ತೆ. 282 ಹೋಗಿ 318!

ತಮಾಷೆ ಏನು ಗೊತ್ತಾ? ಆ ಸೂತ್ರದ ಲೆಕ್ಕ ಟರ್ಬೋ ಇಲ್ಲದ ಎಂಜಿನ್ನಿನದು. ಅಂಥ ಎಂಜಿನ್ ಹೊರಗಿನ ಗಾಳಿಯನ್ನು ಹಾಗೇ ಉಸಿರಾಡುತ್ತೆ, ಎತ್ತರಕ್ಕೆ ಹೋದರೆ ಅದರ ಶಕ್ತಿ ಅದೇ ಅನುಪಾತದಲ್ಲಿ ಕಡಿಮೆಯಾಗುತ್ತೆ. ಟರ್ಬೋ ಹಾಗಲ್ಲ, ಗಾಳಿ ತೆಳುವಾದರೆ ಒಂದಿಷ್ಟು ಹೆಚ್ಚು ಜೋರಾಗಿ ತಿರುಗಿ ಬಹುಪಾಲು ಸರಿದೂಗಿಸಿಕೊಳ್ಳುತ್ತೆ. ಕಳೆದುಕೊಳ್ಳದೇ ಇದ್ದದ್ದಕ್ಕೂ ಪರಿಹಾರ ಕೊಟ್ಟ ಹಾಗಾಯ್ತು. ಬರ ಬೀಳದ ತಾಲೂಕಿಗೆ ಬರ ಪರಿಹಾರ. 282ಕ್ಕೂ 318ಕ್ಕೂ ನಡುವಿನ 36 ಕುದುರೆಗಳು ನಮ್ಮ ಬಾನೆಟ್ ಕೆಳಗೆ ಯಾವತ್ತೂ ಇರಲಿಲ್ಲ, ಆ ಡ್ರಾಪ್‌ಡೌನ್ ಮೆನುವಿನಲ್ಲಿ ಮೇಯುತ್ತಿದ್ದವು.

ಇದು ಸಣ್ಣ ಮೋಸ. ಯಾರೂ ಸಾಯಲ್ಲ. ನಿಜವಾದ ತೊಂದರೆ ಮುಂದಿದೆ.

ಬೆಂಗಳೂರಿನ ಹುಡುಗರಿಗೆ ಹತ್ತಿರದ ದೊಡ್ಡ ರೇಸ್ ಟ್ರ್ಯಾಕ್ ಅಂದರೆ ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ. 1990ರಿಂದ ಇದೆ, ಸುತ್ತು 3.7 ಕಿಲೋಮೀಟರು ಚಿಲ್ಲರೆ. ಇನ್ನೊಂದು ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಅದು ಚಿಕ್ಕದು. ಕರ್ನಾಟಕದಲ್ಲಿ ಅಂಥದ್ದೊಂದು ಟ್ರ್ಯಾಕ್ ಇಲ್ಲ, ಆ ದುಃಖಕ್ಕೆ ಬೇರೆಯದೇ ಪೋಸ್ಟ್ ಬರೀಬೇಕು. ಹಾಗಾಗಿ ನಾವೆಲ್ಲ ಮಾಡೋದು ಇದನ್ನೇ: ಘಟ್ಟದ ಮೇಲೆ ಟ್ಯೂನ್ ಮಾಡಿಸೋದು, ಸಮುದ್ರದ ಪಕ್ಕ ಓಡಿಸೋದು.

ಬೂಸ್ಟ್ ಎಷ್ಟಿರಬೇಕು ಅಂತ ತಡೆಹಿಡಿಯೋದು ವೇಸ್ಟ್‌ಗೇಟ್ ಅನ್ನೋ ಒಂದು ಬಾಗಿಲು, ಅದಕ್ಕೊಂದು ಸ್ಪ್ರಿಂಗು. ಆ ಸ್ಪ್ರಿಂಗಿಗೆ ಗೊತ್ತಿರೋದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಅನ್ನೋದು ಮಾತ್ರ. ನಮ್ಮದು 1.1 ಬಾರ್. ಬೆಂಗಳೂರಲ್ಲಿ 91ರ ಮೇಲೆ 110, ಒಟ್ಟು 201 ಕಿಲೋಪಾಸ್ಕಲ್. ಅದೇ ಸ್ಪ್ರಿಂಗು ಇರುಂಗಾಟ್ಟುಕೋಟೈಯಲ್ಲಿ 101ರ ಮೇಲೆ 110, ಒಟ್ಟು 211. ನಾವು ಒಂದು ಸ್ಕ್ರೂ ಮುಟ್ಟಿಲ್ಲ, ಎಂಜಿನ್ ಒಳಗಿನ ಒತ್ತಡ 5 ಪರ್ಸೆಂಟ್ ಏರಿತು. ಕೋಷ್ಟಕದಲ್ಲಿ 201ರ ತನಕ ಮಾತ್ರ ನಿಜವಾಗಿ ಅಳೆದು ತುಂಬಿಸಿದ್ದು. ಅದರಾಚೆಯ ಮನೆಗಳಲ್ಲಿ ಇದ್ದದ್ದು ಹಿಂದಿನ ಮನೆಯ ಕಾಪಿ ಪೇಸ್ಟ್. ಟೆಸ್ಟ್ ಮಾಡದ ಕೋಡ್ ಪ್ರೊಡಕ್ಷನ್ನಿನಲ್ಲೇ ಮೊದಲ ಸಲ ಓಡುತ್ತೆ ಅನ್ನೋದು ನಮಗೆ ಹೊಸ ವಿಷಯವೇನಲ್ಲ, ಅಲ್ವಾ?

ಇನ್ನು ಬಿಸಿ. ಸೈಕಲ್ ಪಂಪಿನ ತುದಿ ಬಿಸಿಯಾಗೋದು ಎಲ್ಲರಿಗೂ ಗೊತ್ತು. ಗಾಳಿ ಅಮುಕಿದರೆ ಕಾಯುತ್ತೆ. ಹೊರಗೆ 38 ಡಿಗ್ರಿ ಇದ್ದ ದಿನ, ನಮ್ಮಷ್ಟು ಬೂಸ್ಟಿಗೆ, ಚೆನ್ನಾಗಿ ಕೆಲಸ ಮಾಡೋ ಟರ್ಬೋನಿಂದಲೇ ಹೊರಬರುವ ಗಾಳಿ 140 ಡಿಗ್ರಿ ದಾಟುತ್ತೆ. ಇದು ಡಿಪ್ಲೊಮಾ ಹುಡುಗರೂ ಹಾಕಬಲ್ಲ ಥರ್ಮೋಡೈನಮಿಕ್ಸ್ ಲೆಕ್ಕ. ಇಂಟರ್‌ಕೂಲರ್ ಅದನ್ನು ತಣಿಸಬೇಕು. ಡೈನೋ ಕೋಣೆಯಲ್ಲಿ ಕಾರಿನ ಮೂತಿಗೆ ದೊಡ್ಡ ಫ್ಯಾನ್, ಹೊರಗೆ ಡಿಸೆಂಬರಿನ ಬೆಂಗಳೂರು. ಒಂದು ಪುಲ್ ಅಂದರೆ ಹತ್ತು ಹದಿನೈದು ಸೆಕೆಂಡು. ಆಮೇಲೆ ಎಲ್ಲರೂ ಸುತ್ತ ನಿಂತು ಸ್ಕ್ರೀನ್ ನೋಡ್ತಾರೆ, ಚಹಾ ಬರುತ್ತೆ, ಎಂಜಿನ್ ತಣ್ಣಗಾಗುತ್ತೆ. ಮತ್ತೊಂದು ಪುಲ್. ಆ ಹದಿನೈದು ಸೆಕೆಂಡಿನಲ್ಲಿ ನಮ್ಮ ಇನ್‌ಟೇಕ್ ಗಾಳಿ 38 ಡಿಗ್ರಿ ದಾಟಿರಲಿಲ್ಲ.

ಟ್ರ್ಯಾಕಿನ ಒಂದು ಸೆಷನ್ ಇಪ್ಪತ್ತು ನಿಮಿಷ. ಅದಕ್ಕೇ ನಾನು ಆ ಹುಡುಗನಿಗೆ ಎಷ್ಟು ನಿಮಿಷ ಅಂತ ಕೇಳಿದ್ದು.

ಆ ದಿನ ರೇಸ್ ಇರಲಿಲ್ಲ, ಅದಕ್ಕೆ ಮುಂಚಿನ ಪ್ರಾಕ್ಟೀಸು. ಮೂರನೇ ಸೆಷನ್, ಆರನೇ ಲ್ಯಾಪ್. ಓಡಿಸ್ತಿದ್ದವನು ರೂಮ್‌ಮೇಟ್, ನಾನು ಪಿಟ್ ಗೋಡೆಗೆ ಒರಗಿ ಸ್ಟಾಪ್‌ವಾಚ್ ಹಿಡಿದಿದ್ದೆ. ಮೇನ್ ಸ್ಟ್ರೈಟ್ ಮುಗಿದು ಮೊದಲ ಬಲ ತಿರುವಿಗೆ ಹೋದ ಕಾರು ಆಚೆಯಿಂದ ಬೇರೆ ಸದ್ದಿನಲ್ಲಿ ಬಂತು. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಎರಡು ಸೆಕೆಂಡು. ಆಮೇಲೆ ಬಿಳಿ ಹೊಗೆ. ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕನ್ನು ಒಡೆದುಕೊಂಡು ಹೊರಗೆ ಬಂದಿತ್ತು, ಅಂಗೈ ತೂರುವಷ್ಟು ತೂತು. ನಾಲ್ಕು ಲೀಟರ್ ಸುಡುಸುಡು ಆಯಿಲ್ ಟ್ರ್ಯಾಕಿನ ಮೇಲೆ.

ಹಿಂದೆ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಬರ್ತಿತ್ತು. ಓಡಿಸ್ತಿದ್ದವನಿಗೆ ಹತ್ತೊಂಬತ್ತು ವರ್ಷ ಇರಬಹುದು. ನಮ್ಮ ಆಯಿಲ್ ಮೇಲೆ ಚಕ್ರ ಇಟ್ಟಿದ್ದೇ ತಡ, ಬುಗುರಿ ತರ ತಿರುಗಿ ಟೈರ್ ಗೋಡೆಗೆ ಹಿಂಬದಿ ಬಡಿದ. ಕೆಂಪು ಬಾವುಟ ಬಂತು. ಆ ಹುಡುಗ ತಾನೇ ಬಾಗಿಲು ತೆಗೆದು ಇಳಿದು ನಡೆದುಕೊಂಡು ಬಂದ, ಏನೂ ಆಗಿರಲಿಲ್ಲ. ಅವನು ಇಳಿಯೋ ತನಕ ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ. ನನ್ನ ಕೈಲಿದ್ದ ಸ್ಟಾಪ್‌ವಾಚ್ ಓಡ್ತಾನೇ ಇತ್ತು, ನಾನು ನೋಡಲಿಲ್ಲ. ಅವನ ಅಪ್ಪ ನಮ್ಮ ಪಿಟ್ ತನಕ ಬಂದರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ಬಾನೆಟ್ ಮೇಲೆ ನಾವು ಅಂಟಿಸಿದ್ದ "318" ಸ್ಟಿಕ್ಕರನ್ನು ಒಂದು ಸಲ ನೋಡಿ ವಾಪಸ್ ಹೋದರು.

ಟ್ಯೂನರಿಗೆ ಫೋನ್ ಮಾಡಿದರೆ ಬಂದ ಉತ್ತರ: "ಪೆಟ್ರೋಲ್ ಸರಿ ಇಲ್ಲ ಸಾರ್, ನಿಮ್ಮ ಫ್ರೆಂಡ್ ಓವರ್ ರೆವ್ ಮಾಡಿರ್ತಾರೆ." ನಂಬಿಬಿಡ್ತಿದ್ದೆವೇನೋ. ಆದರೆ ಇಸಿಯುನಲ್ಲಿ ಲಾಗ್ ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ರಾತ್ರಿ ಎರಡರ ತನಕ ಲಾಡ್ಜಿನ ಮಂಚದ ಮೇಲೆ ಕೂತು ಓದಿದೆ. ಆಫೀಸಲ್ಲಿ ನನ್ನ ಕೆಲಸವೇ ಅದು, ಸತ್ತ ಸರ್ವರಿನ ಲಾಗ್ ಓದಿ ಯಾಕೆ ಸತ್ತಿತು ಅಂತ ಬರೆಯೋದು. ಓವರ್ ರೆವ್ ಇರಲಿಲ್ಲ, ಒಂದೇ ಒಂದು ಸಲವೂ ಇಲ್ಲ. ಇದ್ದದ್ದು ಇದು: ಮೊದಲನೇ ಸೆಷನ್ನಿನಿಂದಲೇ, ಪ್ರತಿ ಲ್ಯಾಪಿನಲ್ಲೂ, ಉದ್ದನೆಯ ಬಲ ತಿರುವುಗಳಲ್ಲಿ ಆಯಿಲ್ ಪ್ರೆಶರ್ ಬೀಳ್ತಿತ್ತು. ಮೊದಲು ನಾಲ್ಕೂವರೆ ಬಾರಿನಿಂದ ಎರಡಕ್ಕೆ. ಆಯಿಲ್ ಕಾದಂತೆ ಒಂದೂವರೆಗೆ. ಕೊನೇ ಲ್ಯಾಪುಗಳಲ್ಲಿ ಒಂದಕ್ಕಿಂತ ಕೆಳಗೆ, ಒಂದು ಸೆಕೆಂಡಿಗೂ ಮೀರಿ, ಆರು ಸಾವಿರ ಆರ್‌ಪಿಎಮ್‌ನಲ್ಲಿ.

ಬೆಂಗಳೂರಿನವರಿಗೆ ಇದು ಥಟ್ಟಂತ ಅರ್ಥ ಆಗುತ್ತೆ. ಮನೆ ಸಂಪಿನಲ್ಲಿ ನೀರು ತಳ ಕಂಡಾಗ ಮೋಟಾರ್ ಹಾಕಿದರೆ ಏನಾಗುತ್ತೆ? ಗಾಳಿ ಎಳೆಯುತ್ತೆ, ಸದ್ದು ಬದಲಾಗುತ್ತೆ, ಅಮ್ಮ ಅಡುಗೆಮನೆಯಿಂದ "ಮೋಟಾರ್ ಆಫ್ ಮಾಡೋ!" ಅಂತ ಕೂಗ್ತಾರೆ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತಟ್ಟೆಗೂ ಹೆಸರು ಸಂಪೇ. ಕಾರು ತಿರುವಿನಲ್ಲಿ ಒಂದು ಜಿ ಬಲದಲ್ಲಿ ಹೋದರೆ ಸಂಪಿನೊಳಗಿನ ಆಯಿಲ್ ಮಟ್ಟಸವಾಗಿ ನಿಲ್ಲಲ್ಲ, 45 ಡಿಗ್ರಿ ವಾಲಿಕೊಂಡು ಒಂದು ಗೋಡೆಗೆ ಏರಿ ನಿಲ್ಲುತ್ತೆ. ಪಂಪಿನ ಬಾಯಿ ಇನ್ನೊಂದು ಕಡೆ ಬಯಲಾಗುತ್ತೆ. ಆಯಿಲ್ ಇದೆ, ಪಂಪ್ ಇದೆ, ಆದರೆ ಬೇರಿಂಗಿಗೆ ಹೋಗ್ತಿರೋದು ಗಾಳಿ. ಆಯಿಲ್ ಟೆಂಪರೇಚರ್ ಆ ಹೊತ್ತಿಗೆ 139 ಡಿಗ್ರಿ. 40 ಗ್ರೇಡಿನ ಆಯಿಲ್ 100 ಡಿಗ್ರಿಯಲ್ಲಿ ಇರೋ ದಪ್ಪದ ಸುಮಾರು ಅರ್ಧ ಮಾತ್ರ 140ರಲ್ಲಿ ಉಳಿದಿರುತ್ತೆ.

ಪಕ್ಕದ ಸಾಲಿನಲ್ಲಿ ಇನ್‌ಟೇಕ್ ಗಾಳಿ 74 ಡಿಗ್ರಿ. ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನ ಡೈನೋದಲ್ಲಿ 201 ಕಿಲೋಪಾಸ್ಕಲ್, 38 ಡಿಗ್ರಿ. ಇಲ್ಲಿ 211, 74 ಡಿಗ್ರಿ. ಒತ್ತಡ 5 ಪರ್ಸೆಂಟ್ ಹೆಚ್ಚು, ಆದರೆ ಬಿಸಿ ಗಾಳಿ ಹಿಗ್ಗಿರೋದರಿಂದ ಸಿಲಿಂಡರ್ ಒಳಗೆ ಹೋದ ಗಾಳಿಯ ತೂಕ 6 ಪರ್ಸೆಂಟ್ ಕಡಿಮೆ! ಅಂದರೆ ಶಕ್ತಿ ಹೆಚ್ಚಿಗೆ ಏನೂ ಸಿಗಲಿಲ್ಲ, ಒತ್ತಡ ಮತ್ತು ಬಿಸಿ ಮಾತ್ರ ಸಿಕ್ಕಿತು. ಇವೆರಡೂ ಸೇರಿದರೆ ನಾಕಿಂಗ್, ಕಿಡಿ ಹೊತ್ತಿಸಿದ ಮೇಲೆ ಸುಡಬೇಕಾದ ಮೂಲೆಯ ಪೆಟ್ರೋಲು ತಾನೇ ಸಿಡಿಯೋದು. ಲಾಗಿನಲ್ಲಿ ನಾಕ್ ಸೆನ್ಸರ್ ಕೂಗಿಕೊಂಡಿತ್ತು. ಅದು ಕೂಗಿದರೆ ಏನು ಮಾಡಬೇಕು ಅನ್ನೋ ಕೋಷ್ಟಕ ಖಾಲಿ ಬಿಟ್ಟಿದ್ದರು.

ನನಗೆ ನಾಚಿಕೆ ಆದದ್ದು ಇಲ್ಲಿ. ಆಯಿಲ್ ಪ್ರೆಶರ್ ಬಿದ್ದರೆ ಎಂಜಿನ್ ಕಟ್ ಮಾಡು, ಇನ್‌ಟೇಕ್ 60 ದಾಟಿದರೆ ಬೂಸ್ಟ್ ಇಳಿಸು, ಕೂಲೆಂಟ್ 108 ದಾಟಿದರೆ ಡ್ರೈವರಿಗೆ ದೀಪ ಹಚ್ಚು. ಈ ಸೌಲಭ್ಯಗಳೆಲ್ಲ ಆ ಇಸಿಯುನಲ್ಲಿ ಇದ್ದವು. ಮೆನುವಿನಲ್ಲಿ ಟಿಕ್ ಹಾಕೋದಷ್ಟೇ ಬಾಕಿ. ಯಾರೂ ಹಾಕಿರಲಿಲ್ಲ. ಆಫೀಸಲ್ಲಿ ಅಲರ್ಟ್ ಇಲ್ಲದ ಸರ್ವಿಸ್ ಯಾರಾದರೂ ರಿಲೀಸ್ ಮಾಡಿದರೆ ಮೀಟಿಂಗಿನಲ್ಲಿ ಮೊದಲು ಬಾಯಿ ತೆಗೆಯೋನೇ ನಾನು. ನನ್ನ ಸ್ವಂತ ಕಾರಿನಲ್ಲಿ, ನನ್ನ ಗೆಳೆಯ ಕೂತಿರೋ ಕಾರಿನಲ್ಲಿ, ಆ ಮೆನು ತೆರೆದು ನೋಡಿರಲಿಲ್ಲ. ಶೀಟಿಗೆ ಫ್ರೇಮ್ ಹಾಕಿಸೋದರಲ್ಲಿ ಇದ್ದೆವು.

ಅದಕ್ಕೇ ಟ್ಯೂನರ್ ಒಬ್ಬನನ್ನೇ ದೂರಲ್ಲ ಅಂದದ್ದು. ನಾವು ಅವನನ್ನು ಕೇಳಿದ್ದೇ ಒಂದು ನಂಬರು. "300 ದಾಟಬೇಕು ಬಾಸ್" ಅಂದಿದ್ದೆವು. ದಾಟಿಸಿ ಕೊಟ್ಟ. ಕೇಳಿದ್ದನ್ನು ಮಾರೋದು ಅಂಗಡಿ. ಆದರೆ ಎಂಜಿನ್ ಒಡೆದ ಮೇಲೆ ಪೆಟ್ರೋಲ್ ಮೇಲೆ ಹಾಕ್ತಾನಲ್ಲ, ಅದಕ್ಕೆ ಕ್ಷಮೆ ಇಲ್ಲ. ಪೆಟ್ರೋಲಿನ ವಿಷಯ ಅವನ ಕೆಲಸವೇ. ಬಂಕಿನಲ್ಲಿ ಎಥನಾಲ್ ಎಷ್ಟಿದೆ ಅನ್ನೋದು ಗುಟ್ಟಲ್ಲ, 10 ಪರ್ಸೆಂಟ್ ಇದ್ದದ್ದು 2025ರ ಹೊತ್ತಿಗೆ 20 ಆಯ್ತು. ಎಥನಾಲ್ ಹೆಚ್ಚಾದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಪೂರ್ತಿ ಸುಡೋಕೆ ಇ10ಕ್ಕೆ ಗಾಳಿ 14.1 ಪಾಲು ಸಾಕಾದರೆ ಇ20ಕ್ಕೆ ಹದಿಮೂರೂವರೆ ಪಾಲು. ಹಳೇ ಮ್ಯಾಪ್ ಹಾಗೇ ಇಟ್ಟುಕೊಂಡು ಹೊಸ ಪೆಟ್ರೋಲ್ ಹಾಕಿದರೆ ನಾಲ್ಕು ಪರ್ಸೆಂಟ್ ಇಂಧನ ಕಡಿಮೆ ಬಿದ್ದ ಹಾಗೆ. ಎಥನಾಲಿಗೆ ನಾಕಿಂಗ್ ತಡೆಯೋ ಗುಣವೂ ಇದೆ, ಹಾಗಾಗಿ ಇದೊಂದೇ ಎಂಜಿನ್ ಕೊಲ್ಲಲ್ಲ. ಆದರೆ ಇದನ್ನು ಲೆಕ್ಕಕ್ಕೆ ತಗೊಳ್ಳದವನು ಆಮೇಲೆ "ಪೆಟ್ರೋಲ್ ಸರಿ ಇಲ್ಲ" ಅನ್ನೋ ಹಾಗಿಲ್ಲ.

"ಹಾಗಾದ್ರೆ ಪವರ್ ಬೇಡ್ವಾ? ರೇಸಿಗೆ ಮಾರುತಿ 800 ತಗೊಂಡು ಹೋಗಿ" ಅಂತ ಯಾರಾದರೂ ಬರೀತಾರೆ, ಗೊತ್ತು. ಬೇಕು ಸ್ವಾಮಿ. ಯಾರಿಗೆ ಬೇಡ? ಒಂದೇ ಒಂದು ಲ್ಯಾಪ್ ಓಡಿಸಿ ಮುಗಿಸೋದಾದರೆ 318 ಅಲ್ಲ, 500 ಮಾಡಿ. ಎಂಬತ್ತರ ದಶಕದ ಫಾರ್ಮುಲಾ ಒನ್ನಿನಲ್ಲಿ ಅದನ್ನೇ ಮಾಡ್ತಿದ್ದರು. ಬಿಎಂಡಬ್ಲ್ಯು ತನ್ನ ರಸ್ತೆ ಕಾರಿನ ಕಬ್ಬಿಣದ ಬ್ಲಾಕ್ ತಗೊಂಡು ಒಂದೂವರೆ ಲೀಟರಿನ ಟರ್ಬೋ ಎಂಜಿನ್ ಮಾಡಿತ್ತು. ಅದೇ ಎಂಜಿನ್ನಲ್ಲಿ 1983ರಲ್ಲಿ ನೆಲ್ಸನ್ ಪಿಕೆ ಚಾಂಪಿಯನ್ ಆದ. 1986ರ ಕ್ವಾಲಿಫೈಯಿಂಗ್ ಹೊತ್ತಿಗೆ ಅದು 1,300ರ ಆಸುಪಾಸು ಕುದುರೆಶಕ್ತಿ ಕೊಡ್ತಿತ್ತು ಅಂತ ಹೇಳ್ತಾರೆ. ನಾಲ್ಕು ಲ್ಯಾಪ್ ಓಡಿಸಿ ಆ ಎಂಜಿನ್ ಎಸೆಯೋದು. ಭಾನುವಾರದ ರೇಸಿಗೆ ಬೇರೆ ಎಂಜಿನ್, ಇಳಿಸಿದ ಬೂಸ್ಟ್. ಅಷ್ಟು ದುಡ್ಡಿದ್ದವರೂ ಶನಿವಾರದ ನಂಬರನ್ನು ಭಾನುವಾರ ಬಳಸಲಿಲ್ಲ.

ಇನ್ನೂ ಮಜಾ ಇರೋದು ಆಮೇಲೆ. ಫಾರ್ಮುಲಾ ಒನ್‌ನವರು 1987ರಲ್ಲಿ ಬೂಸ್ಟಿಗೆ 4 ಬಾರ್ ಮಿತಿ ಹಾಕಿದರು, 1988ರಲ್ಲಿ ಎರಡೂವರೆಗೆ ಇಳಿಸಿದರು. ಟರ್ಬೋ ಕಾರಿಗೆ ಇಡೀ ರೇಸಿಗೆ 150 ಲೀಟರ್ ಪೆಟ್ರೋಲ್ ಮಾತ್ರ. ಎಲ್ಲರೂ ಟರ್ಬೋ ಕಥೆ ಮುಗೀತು ಅಂದರು. ಆ ವರ್ಷ ಹೋಂಡಾ ಎಂಜಿನ್ನಿನ ಮೆಕ್ಲಾರೆನ್ 16 ರೇಸುಗಳಲ್ಲಿ 15 ಗೆದ್ದಿತು. ಹಿಂದಿನ ವರ್ಷಗಳ ರಾಕ್ಷಸರ ಮುಂದೆ ಅದರ ಕುದುರೆಶಕ್ತಿ ಬಡಪಾಯಿ. ಆದರೆ ಹೋಂಡಾದವರು ಗಾಳಿಯ ಬಿಸಿ, ಇಂಧನದ ಬಿಸಿ, ಒಂದು ಹನಿ ಪೆಟ್ರೋಲ್ ಎಲ್ಲಿ ಹೋಯಿತು ಅನ್ನೋದನ್ನೆಲ್ಲ ಕೂತು ಅಳೆದಿದ್ದರು.

ನಮ್ಮ ಪೋಲೋಗೆ ವಾಪಸ್ ಬರ್ತೀನಿ. ಸರ್ಕ್ಯೂಟಿನಲ್ಲಿ ಕಾರು ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡೋದು ಲ್ಯಾಪಿನ ಒಂದು ಭಾಗ ಮಾತ್ರ. ಉಳಿದದ್ದು ಬ್ರೇಕು, ತಿರುವು, ತಿರುವಿನಿಂದ ಹೊರಬರುವಾಗ ಅಳೆದು ಅಳೆದು ಕಾಲು ಒತ್ತೋದು. ದೊಡ್ಡ ಟರ್ಬೋ ಈ ಕೊನೇ ಕೆಲಸವನ್ನೇ ಹಾಳು ಮಾಡುತ್ತೆ. ಕಾಲು ಒತ್ತಿದರೆ ಏನೂ ಆಗಲ್ಲ, ಏನೂ ಆಗಲ್ಲ, ಆಮೇಲೆ ಒಟ್ಟಿಗೇ ಎಲ್ಲ ಬರುತ್ತೆ. ಮುಂದಿನ ಚಕ್ರದಿಂದ ಓಡೋ ಕಾರಿನಲ್ಲಿ ತಿರುಗಿಸೋದೂ ಎಳೆಯೋದೂ ಅದೇ ಎರಡು ಟೈರುಗಳ ಕೆಲಸ. ಟಾರ್ಕ್ ಒಮ್ಮೆಗೇ ಬಂದು ಅವು ಸುಮ್ಮನೆ ತಿರುಗಿದರೆ ಕಾರು ನೇರ ಹುಲ್ಲಿನ ಕಡೆ ಹೋಗುತ್ತೆ. ಡ್ರೈವರ್ ಕಾಲು ತೆಗೀತಾನೆ. ಡೈನೋ ಗ್ರಾಫಿನ ಆ ಚೂಪು ಶಿಖರದ ಮೇಲೆ ನಮ್ಮ ಕಾರು ಒಂದು ಲ್ಯಾಪಿನಲ್ಲಿ ಕಳೆದದ್ದು ಒಟ್ಟು ಐದಾರು ಸೆಕೆಂಡು, ಲಾಗಿನಿಂದಲೇ ಎಣಿಸಿದೆ. ಆ ಐದಾರು ಸೆಕೆಂಡಿಗಾಗಿ ಉಳಿದ ಎರಡು ನಿಮಿಷ ಹಾಳು ಮಾಡಿಕೊಂಡಿದ್ದೆವು.

ಬ್ರೇಕಿನ ಲೆಕ್ಕ ಯಾರೂ ಮಾಡಲ್ಲ, ಒಂದು ಸಲ ಮಾಡಿ ನೋಡಿ. 1,100 ಕಿಲೋ ಕಾರು 190ರಿಂದ 80ಕ್ಕೆ ಇಳಿಯುವಾಗ ಬ್ರೇಕಿಗೆ ಹೋಗುವ ಶಕ್ತಿ ಸುಮಾರು 12.6 ಲಕ್ಷ ಜೂಲ್. ಅರ್ಧ ಲೀಟರ್ ತಣ್ಣೀರನ್ನು ಕುದಿಸಿ ಪೂರ್ತಿ ಆವಿ ಮಾಡಿಬಿಡುವಷ್ಟು. ಅದೂ ನಾಲ್ಕೈದು ಸೆಕೆಂಡಿನಲ್ಲಿ, ಪ್ರತಿ ಲ್ಯಾಪಿನಲ್ಲೂ, ಒಂದೇ ಕಡೆ ಅಲ್ಲ. ರೇಡಿಯೇಟರಿನದೂ ಅದೇ ಪಾಡು. ಆ ಎಂಜಿನ್ ಜೋರಾಗಿ ಓಡುವಾಗ ನೀರಿಗೂ ಆಯಿಲಿಗೂ ಬಿಡುವ ಬಿಸಿ ನೂರು ಕಿಲೋವ್ಯಾಟ್ ಮೀರುತ್ತೆ. ಮನೆಯ 2 ಕಿಲೋವ್ಯಾಟಿನ ಗೀಸರುಗಳು ಐವತ್ತು ಒಟ್ಟಿಗೆ ಉರಿದ ಹಾಗೆ. ಅದನ್ನು ತಣಿಸಲು ನಾವು ಇಟ್ಟಿದ್ದದ್ದು 75 ಕುದುರೆಶಕ್ತಿಯ ಕಾರಿನ ರೇಡಿಯೇಟರು, "ಸದ್ಯಕ್ಕೆ ಸಾಕು" ಅಂತ. ಎಂಜಿನ್ ಸ್ವಾಪ್ ಮಾಡಿದವರೆಲ್ಲ ಎಂಜಿನ್ ಮಾತ್ರ ಬದಲಾಯಿಸಿರ್ತಾರೆ. ಕಾರು ಹಳೇದೇ ಇರುತ್ತೆ.

ಎರಡನೇ ಎಂಜಿನ್ ಕಟ್ಟೋಕೆ ಹತ್ತಿರ ನಾಲ್ಕು ಲಕ್ಷ ಹೋಯ್ತು. ರೂಮ್‌ಮೇಟ್ ತನ್ನ ಪಾಲಿನದನ್ನು ಪರ್ಸನಲ್ ಲೋನ್ ಮಾಡಿ ಕೊಟ್ಟ, ಇನ್ನೂ ಕಂತು ಕಟ್ತಿದ್ದಾನೆ. ಅದರಲ್ಲೇ ಆ ಹುಡುಗನ ಕಾರಿನ ಹಿಂಬದಿ ರಿಪೇರಿಯೂ ಸೇರಿತ್ತು. ಅವರು ಕೇಳಿರಲಿಲ್ಲ, ನಾವೇ ಕೊಟ್ಟೆವು. ಈ ಸಲ ದುಡ್ಡು ಹೋದ ಕ್ರಮವೇ ಬೇರೆ. ಮೊದಲು ಸಂಪಿನೊಳಗೆ ಅಡ್ಡ ತಡೆಗಳು, ಆಯಿಲ್ ಒಂದು ಕಡೆ ಓಡಿಹೋಗದ ಹಾಗೆ ಸಣ್ಣ ಬಾಗಿಲುಗಳು. ಆಯಿಲ್ ಕೂಲರ್. ದೊಡ್ಡ ರೇಡಿಯೇಟರ್, ಬಂಪರಿನಿಂದ ಅಲ್ಲಿಗೆ ಗಾಳಿ ಸೋರದ ಹಾಗೆ ಅಲ್ಯೂಮಿನಿಯಂ ಶೀಟಿನ ಡಕ್ಟು (ಇದನ್ನು ಟಿನ್ನು ಕೆಲಸದ ಒಬ್ಬ ಭಾಯ್ ಮಾಡಿಕೊಟ್ಟರು, ಇಡೀ ಕಾರಿನಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ವಸ್ತು). ಬ್ರೇಕು. ಕೊನೇಗೆ ಟರ್ಬೋ, ಮೊದಲಿನದಕ್ಕಿಂತ ಚಿಕ್ಕದು.

ಟ್ಯೂನಿಂಗಿಗೆ ಬೇರೆಯವರ ಹತ್ತಿರ ಹೋದೆವು. ನಂಬರ್ ಹೇಳಲಿಲ್ಲ. ಏನೇನು ಆದರೆ ಕಾರು ತಾನೇ ಹಿಂದೆ ಸರಿಯಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಓದಿ, "ಸಾರ್, ಹತ್ತು ವರ್ಷದಲ್ಲಿ ಇದನ್ನು ಬರೆದುಕೊಂಡು ಬಂದಿರೋರು ನೀವೇ ಮೊದಲು" ಅಂದರು. ಬೂಸ್ಟನ್ನು ಸ್ಪ್ರಿಂಗಿನ ಮೇಲೆ ಬಿಡದೆ ಒಟ್ಟು ಒತ್ತಡ ನೋಡಿ ಇಸಿಯುವೇ ನಿಭಾಯಿಸುವ ಹಾಗೆ ಮಾಡಿದರು. ಒಂದು ಎರಡನೇ ಗೇರಿನಲ್ಲಿ ಬೂಸ್ಟ್ ಕಡಿಮೆ. ಪೂರ್ತಿ ಕೋಷ್ಟಕವನ್ನು ಬೇಕಂತಲೇ ಕಾಯಿಸಿದ ಎಂಜಿನ್ನಿನಲ್ಲಿ, ಫ್ಯಾನ್ ಆಫ್ ಮಾಡಿ ಇನ್ನೊಮ್ಮೆ ನೋಡಿದರು. ಕೊನೇ ಸುತ್ತಿನ ಟ್ಯೂನಿಂಗು ಟ್ರ್ಯಾಕಿಗೇ ಬಂದು, ಪಿಟ್ಟಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಾಡಿದರು. ಅದಕ್ಕೆ ಹೆಚ್ಚಿಗೆ ದುಡ್ಡು ತಗೊಂಡರು, ನಾವು ಚೌಕಾಸಿ ಮಾಡಲಿಲ್ಲ.

ಚಕ್ರದಲ್ಲಿ ಈಗ 205. ಕರೆಕ್ಷನ್ ಇಲ್ಲ, ಅಂದಾಜು ಇಲ್ಲ. ಹಳೇ ಕಾರಿನ ನಮ್ಮ ಅತ್ಯುತ್ತಮ ಲ್ಯಾಪಿಗಿಂತ ಇದು 2.6 ಸೆಕೆಂಡು ಬೇಗ. ಡ್ರೈವರ್ ಅವನೇ, ಟೈರ್ ಅದೇ ಕಂಪನಿಯದು. (ಬ್ರೇಕಿನ ಪಾಲು ಇದರಲ್ಲಿ ದೊಡ್ಡದು, ಎಲ್ಲಾ ಚಿಕ್ಕ ಟರ್ಬೋದ ಮಹಿಮೆ ಅಂತ ಹೇಳಿದರೆ ಸುಳ್ಳಾಗುತ್ತೆ.) ನನಗೆ ಲ್ಯಾಪ್ ಟೈಮಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಏಪ್ರಿಲ್ ಮಧ್ಯಾಹ್ನ, ಹೊರಗೆ 39 ಡಿಗ್ರಿ, ಹತ್ತನೇ ಲ್ಯಾಪಿನಲ್ಲಿ ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತಿತು. ಇನ್‌ಟೇಕ್ 60 ದಾಟಿತ್ತು. ಕಾರು ತಾನಾಗೇ ಬೂಸ್ಟ್ ಇಳಿಸಿತು, ರೂಮ್‌ಮೇಟ್ ಒಂದು ಲ್ಯಾಪ್ ನಿಧಾನ ಓಡಿಸಿದ, ದೀಪ ಆರಿತು, ಮತ್ತೆ ಒತ್ತಿದ. ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆದು, "ಮಗಾ, ಬೋರಿಂಗ್ ಆಗಿದೆ ಕಣೋ ಕಾರು" ಅಂದ.

ಆ 340ರ ಹುಡುಗನಿಗೆ ನಾನು ಶನಿವಾರ ಇಷ್ಟೆಲ್ಲ ಹೇಳಲಿಲ್ಲ. ಅವನ ಖುಷಿ ಕೆಡಿಸೋಕೆ ಮನಸ್ಸಾಗಲಿಲ್ಲ, ಮತ್ತೆ ಗ್ಯಾರೇಜಿನ ಮಧ್ಯ ನಿಂತು ಭಾಷಣ ಬಿಗಿಯೋ ವಯಸ್ಸೂ ನನ್ನದಲ್ಲ. "ಸಂಪಿಗೆ ತಡೆ ಹಾಕಿಸಿದ್ದೀಯಾ?" ಅಂತ ಮಾತ್ರ ಕೇಳಿದೆ. "ಅದು ನೆಕ್ಸ್ಟ್ ಸ್ಟೇಜ್ ಅಣ್ಣಾ" ಅಂದ. ಮುಂದಿನ ತಿಂಗಳು ಅವನೂ ಇರುಂಗಾಟ್ಟುಕೋಟೈಗೆ ಬರ್ತಿದ್ದಾನಂತೆ, ನಾವು ಹೋಗೋ ದಿನವೇ. ಅವನ ನಂಬರ್ ಇಸ್ಕೊಂಡಿದ್ದೀನಿ. ಇದನ್ನು ಮೊದಲು ಅವನಿಗೇ ಕಳಿಸ್ತೀನಿ, ಓದಿ ಬೈದುಕೊಂಡರೂ ಪರವಾಗಿಲ್ಲ.

ನಿಮ್ಮಲ್ಲಿ ಯಾರಿಗಾದರೂ ನಮ್ಮ ಹಳೇ ಎಂಜಿನ್ನಿನ ಕೊನೇ ಇಪ್ಪತ್ತು ನಿಮಿಷದ ಲಾಗ್ ಫೈಲ್ ಬೇಕಿದ್ದರೆ ಕೇಳಿ, ಕಳಿಸ್ತೀನಿ. ಸಿಎಸ್‌ವಿ ಇದೆ, ಯಾವುದರಲ್ಲಿ ಬೇಕಾದರೂ ತೆರೆಯುತ್ತೆ. ಡೈನೋ ಶೀಟ್ ಮಾತ್ರ ಕೇಳಬೇಡಿ. ಫ್ರೇಮಿನ ಗಾಜು ಒಡೆದಿದೆ, ಹಾಳೆ ಗ್ಯಾರೇಜಿನಲ್ಲಿ ಆಯಿಲ್ ಹಿಡಿಯೋ ಟ್ರೇ ಕೆಳಗೆ ಹಾಸಿದ್ದೀವಿ.